ಯೀಸ್ಟ್ ಬದಲಿಸುವ ಮುನ್ನ ಕೂಲರ್ ಬಿಚ್ಚಿ ನೋಡಿ

ಪ್ರಶ್ನೆ: ಕಬ್ಬಿನಿಂದ ಎಥನಾಲ್ ತಯಾರಿಸುವ ಘಟಕವೊಂದರಲ್ಲಿ ಹುದುಗುವಿಕೆಯ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಕಾಕಂಬಿಗೆ ಸ್ವಲ್ಪ ಕಬ್ಬಿನ ರಸ ಬೆರೆಸಿ ಹುದುಗಿಸುತ್ತೇವೆ. ವಾಶ್‌ನಿಂದ (ಹುದುಗಿದ ದ್ರಾವಣ) ಯೀಸ್ಟನ್ನು ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಬೇರ್ಪಡಿಸಿ, ಗಂಧಕಾಮ್ಲದಿಂದ ಪಿಎಚ್ 2.5ಕ್ಕೆ ಇಳಿಸಿ ತೊಳೆದು ಮತ್ತೆ ಬಳಸುತ್ತೇವೆ. ಹಂಗಾಮಿನ ಆರಂಭದಲ್ಲಿ ವಾಶ್‌ನಲ್ಲಿ ಗಾತ್ರದ ಲೆಕ್ಕದಲ್ಲಿ ಶೇ. 9ರಷ್ಟು ಮದ್ಯಸಾರ ಬರುತ್ತಿತ್ತು, ದಕ್ಷತೆ ಶೇ. 90 ಇತ್ತು. ಈಗ ದಕ್ಷತೆ ಶೇ. 86ಕ್ಕೆ ಇಳಿದಿದೆ. ಲೀಟರಿಗೆ 1 ಗ್ರಾಂ ಇದ್ದ ಲ್ಯಾಕ್ಟಿಕ್ ಆಮ್ಲ 6 ಗ್ರಾಂ ಆಗಿದೆ. ಆಂಟಿಬಯಾಟಿಕ್ ಪ್ರಮಾಣವನ್ನು ಎರಡು ಪಟ್ಟು ಮಾಡಿದೆವು. ಕೆಲವು ದಿನ ಸುಧಾರಿಸಿದಂತೆ ಕಂಡು ಮತ್ತೆ ಮೊದಲಿನಂತಾಯಿತು. ಯೀಸ್ಟ್ ಗಂಟುಗಂಟಾಗಿ ತಳ ಸೇರುತ್ತಿದೆ. ಯೀಸ್ಟ್ ತಳಿ ಬದಲಿಸಬೇಕೇ? ಬೇರೆ ಆಂಟಿಬಯಾಟಿಕ್ ಹಾಕಬೇಕೇ? ಅಥವಾ ಇರುವುದನ್ನೆಲ್ಲ ಚೆಲ್ಲಿ ಹೊಸದಾಗಿ ಆರಂಭಿಸಬೇಕೇ?

ಉತ್ತರ: ಮೂರೂ ಬೇಡ, ಕನಿಷ್ಠ ಈ ವಾರ ಬೇಡ. ನೀವು ಬರೆದಿರುವ ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಉಳಿದರ್ಧ ನಿಮ್ಮ ಕೊಳವೆಗಳಲ್ಲಿ, ನನ್ನ ಅನುಮಾನ ಸರಿಯಿದ್ದರೆ ಬಿಸಿ ರಸವನ್ನು ತಣಿಸುವ ಕೂಲರ್‌ನ ತಟ್ಟೆಗಳ ನಡುವೆ, ಕುಳಿತಿದೆ. ಮೊದಲು ಅಂಕಿಗಳನ್ನು ತೆಗೆದುಕೊಳ್ಳೋಣ.

ಗ್ಲೂಕೋಸ್ ಅಥವಾ ಫ್ರಕ್ಟೋಸ್ 180 ಗ್ರಾಂ ಇದ್ದರೆ ಯೀಸ್ಟ್ ಅದರಿಂದ ಹೆಚ್ಚೆಂದರೆ 92 ಗ್ರಾಂ ಎಥನಾಲ್ ಮಾಡಬಲ್ಲದು. ಮಿಕ್ಕ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಈ ಶೇ. 51.1 ಎಂಬುದೇ ನಿಮ್ಮ ದಕ್ಷತೆಯ ಲೆಕ್ಕದಲ್ಲಿ ನೂರು. ಅದೇ 180 ಗ್ರಾಂ ಸಕ್ಕರೆ ಲ್ಯಾಕ್ಟಿಕ್ ಆಮ್ಲವನ್ನಷ್ಟೇ ಮಾಡುವ ಬ್ಯಾಕ್ಟೀರಿಯಾದ ಪಾಲಾದರೆ ಇಡೀ 180 ಗ್ರಾಂ ಆಮ್ಲವಾಗುತ್ತದೆ. ಬೇರೆ ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿವೆ. ಅವು ಅರ್ಧ ಸಕ್ಕರೆಯನ್ನು ಆಮ್ಲವಾಗಿಸಿ, ಉಳಿದರ್ಧದಿಂದ ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಆದರೆ ಎರಡೂ ದಾರಿಯಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲದ ಒಂದೊಂದು ಅಣುವಿಗೆ ಒಂದೊಂದು ಅಣು ಎಥನಾಲ್ ಕೈತಪ್ಪುತ್ತದೆ, ಅಂದರೆ ಒಂದು ಗ್ರಾಂ ಆಮ್ಲಕ್ಕೆ 0.51 ಗ್ರಾಂ ಎಥನಾಲ್. ನಿಮ್ಮ ವಾಶ್‌ನಲ್ಲಿ ಹೆಚ್ಚಿರುವುದು ಲೀಟರಿಗೆ 5 ಗ್ರಾಂ. ಅದಕ್ಕೆ ತೆತ್ತದ್ದು ಸುಮಾರು 2.55 ಗ್ರಾಂ, ಅಂದರೆ 3.2 ಮಿ.ಲೀ. ಎಥನಾಲ್. ಶೇ. 90 ದಕ್ಷತೆಯಲ್ಲಿ ಲೀಟರಿಗೆ 90 ಮಿ.ಲೀ. ಬರುತ್ತಿತ್ತೆಂದರೆ ನೂರರ ಮಟ್ಟ 100 ಮಿ.ಲೀ. ಹಾಗಾಗಿ ಲ್ಯಾಕ್ಟಿಕ್ ಆಮ್ಲವೊಂದೇ ನಿಮ್ಮ ದಕ್ಷತೆಯಿಂದ ಶೇಕಡಾ 3.2 ಅಂಶವನ್ನು ಕಿತ್ತುಕೊಂಡಿದೆ.

ನೀವು ಕಳೆದುಕೊಂಡದ್ದು 4 ಅಂಶ. ಹಾಗಾದರೆ ಮಿಕ್ಕ 0.8 ಎಲ್ಲಿ ಹೋಯಿತು? ವಾಶ್‌ನಲ್ಲಿ ಹುದುಗದೆ ಉಳಿದ ಸಕ್ಕರೆ ಲೀಟರಿಗೆ ಸುಮಾರು 1.2 ಗ್ರಾಂ ಹೆಚ್ಚಿದ್ದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಹೆಚ್ಚಿಲ್ಲದಿದ್ದರೆ ಬ್ಯಾಕ್ಟೀರಿಯಾ ಸಕ್ಕರೆಯಿಂದ ಮಾಡುವ ಮ್ಯಾನಿಟಾಲ್ ಎಂಬ ವಸ್ತುವನ್ನು ನೋಡಿ. ಬಹಳಷ್ಟು ಘಟಕಗಳಲ್ಲಿ ಇದನ್ನು ಅಳೆಯುವುದೇ ಇಲ್ಲ. ಫೆಹ್ಲಿಂಗ್ ದ್ರಾವಣದಿಂದ ಸಕ್ಕರೆ ಅಳೆಯುವಾಗ ಮ್ಯಾನಿಟಾಲ್ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅದು ಅಪಕರ್ಷಕ ಸಕ್ಕರೆಯಲ್ಲ. ಆಮ್ಲೀಯತೆಯ ಟೈಟ್ರೇಶನ್‌ನಲ್ಲೂ ಅದು ಕಾಣದು.

ಕಬ್ಬಿನ ಸುಕ್ರೋಸ್ ಒಡೆದಾಗ ಅರ್ಧದಷ್ಟು ಫ್ರಕ್ಟೋಸ್ ಬರುತ್ತದೆ. ಮಿಶ್ರ ಹುದುಗುವಿಕೆ ನಡೆಸುವ, ಅಂದರೆ ಆಮ್ಲದ ಜೊತೆ ಎಥನಾಲ್ ಕೂಡ ಮಾಡುವ, ಬ್ಯಾಕ್ಟೀರಿಯಾಗಳಿಗೆ ಇದು ಹೇಳಿ ಮಾಡಿಸಿದ ಸನ್ನಿವೇಶ. ತಮ್ಮಲ್ಲಿ ಹೆಚ್ಚಾದ ಹೈಡ್ರೋಜನ್ನನ್ನು ಅವು ಫ್ರಕ್ಟೋಸಿನ ಮೇಲೆ ಇಳಿಸಿ ಮ್ಯಾನಿಟಾಲ್ ಮಾಡುತ್ತವೆ. ಮೂರು ಅಣು ಸಕ್ಕರೆ ಹೋಗಿ ಎರಡು ಅಣು ಮ್ಯಾನಿಟಾಲ್, ಒಂದು ಲ್ಯಾಕ್ಟಿಕ್ ಆಮ್ಲ, ಒಂದು ಅಸಿಟಿಕ್ ಆಮ್ಲ, ಒಂದು ಇಂಗಾಲದ ಡೈಆಕ್ಸೈಡ್ ಬರುತ್ತವೆ. ಎಥನಾಲ್ ಸೊನ್ನೆ. ಈ ದಾರಿಯಲ್ಲಿ ಒಂದು ಗ್ರಾಂ ಲ್ಯಾಕ್ಟಿಕ್ ಆಮ್ಲ ಕಂಡರೆ ಅದರ ಹಿಂದೆ ಆರು ಗ್ರಾಂ ಸಕ್ಕರೆ, ಅಂದರೆ ಮೂರು ಗ್ರಾಂಗೂ ಮಿಕ್ಕಿ ಎಥನಾಲ್ ಹೋಗಿರುತ್ತದೆ. ಮೊದಲಿನ ದಾರಿಗಿಂತ ಆರು ಪಟ್ಟು ನಷ್ಟ. ಹಾಗಾಗಿ ಲ್ಯಾಕ್ಟಿಕ್ ಆಮ್ಲವೊಂದನ್ನೇ ನೋಡಿ ಸೋಂಕಿನ ತೂಕ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎಚ್‌ಪಿಎಲ್‌ಸಿ (ದ್ರವದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಇರುವ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವಾಗ ಲ್ಯಾಕ್ಟಿಕ್ ಆಮ್ಲದ ಜೊತೆಗೆ ಅಸಿಟಿಕ್ ಆಮ್ಲ, ಮ್ಯಾನಿಟಾಲ್ ಎರಡನ್ನೂ ಕೇಳಿ ಪಡೆಯಿರಿ. ನಿಮ್ಮ ಲೆಕ್ಕ ಲ್ಯಾಕ್ಟಿಕ್ ಆಮ್ಲದಿಂದಲೇ ಬಹುಪಾಲು ಸರಿದೂಗುತ್ತಿರುವುದರಿಂದ ಮ್ಯಾನಿಟಾಲ್ ಇನ್ನೂ ಹೆಚ್ಚಾಗಿ ಬೆಳೆದಿರಲಾರದು. ಆದರೆ ಇಂಥ ಸೋಂಕು ಒಂದೇ ಜಾತಿಯದಾಗಿ ಉಳಿಯುವುದು ಅಪರೂಪ.

ಇವು ಯಾವ ಜೀವಿಗಳು? ಹೆಚ್ಚಿನ ಪಾಲು ಲ್ಯಾಕ್ಟೋಬ್ಯಾಸಿಲಸ್ ಕುಟುಂಬದವು. 2020ರಲ್ಲಿ ಈ ಕುಲವನ್ನು ಒಡೆದು 25 ಕುಲಗಳಾಗಿ ಹಂಚಿದ್ದರಿಂದ ಹೊಸ ವರದಿಗಳಲ್ಲಿ ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟಮ್, ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಉದ್ದನೆಯ ಹೆಸರುಗಳು ಕಂಡರೆ ಗಾಬರಿಯಾಗಬೇಡಿ. ಹಳೆಯ ಪರಿಚಯಸ್ಥರೇ. ಮದ್ಯಸಾರ, ಆಮ್ಲ, ಗಾಳಿಯಿಲ್ಲದ ವಾತಾವರಣ, ಮೂರನ್ನೂ ಸಹಿಸುವವರಲ್ಲಿ ಇವು ಮುಂದಿವೆ. ಯೀಸ್ಟ್‌ಗೆ ಹಿತವಾದ ಜಾಗ ಇವಕ್ಕೂ ಹಿತ. ಲಿಯುಕೋನಾಸ್ಟಾಕ್ ಎಂಬುದು ಹೆಚ್ಚಾಗಿ ಕಡಿದ ಕಬ್ಬಿನಲ್ಲಿ, ಗಾಣದಲ್ಲಿ ಕಾಣುವ ಜೀವಿ. ಸುಕ್ರೋಸ್‌ನಿಂದ ಡೆಕ್ಸ್‌ಟ್ರಾನ್ ಎಂಬ ಲೋಳೆಯನ್ನು ಹೆಣೆಯುತ್ತದೆ. ಅಸಿಟಿಕ್ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು. ಬಿರುಸಾಗಿ ಹುದುಗುತ್ತಿರುವ ತೊಟ್ಟಿಯಲ್ಲಿ ಅದಕ್ಕೆ ಕೆಲಸವಿಲ್ಲ. ಹುದುಗಿ ಮುಗಿದ ವಾಶನ್ನು ತೆರೆದ ತೊಟ್ಟಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರೆ ಮಾತ್ರ ತಲೆ ಎತ್ತುತ್ತದೆ.

ಸಮಸ್ಯೆ ಹೊಸದೇನಲ್ಲ. 1856ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಬೀಟ್‌ಗೆಡ್ಡೆಯಿಂದ ಮದ್ಯಸಾರ ಮಾಡುತ್ತಿದ್ದ ಬಿಗೊ ಎಂಬ ಉದ್ಯಮಿ ತನ್ನ ತೊಟ್ಟಿಗಳು ಹುಳಿಯಾಗುತ್ತಿವೆ ಎಂದು ಲೂಯಿ ಪಾಶ್ಚರ್ ಬಳಿ ಹೋಗಿದ್ದ. ಹುದುಗುವಿಕೆ ಜೀವಿಗಳ ಕೆಲಸವೆಂದು ಪಾಶ್ಚರ್ ತೋರಿಸಿಕೊಡಲು ದಾರಿಯಾದದ್ದು ಇದೇ ದೂರು. ಸರಿಯಾದ ತೊಟ್ಟಿಯಲ್ಲಿ ದುಂಡು ಕಣಗಳು, ಹುಳಿಯಾದುದರಲ್ಲಿ ಸಣ್ಣ ಕಡ್ಡಿಗಳು. ನಿಮ್ಮ ಪಾಳಿಯ ರಸಾಯನಶಾಸ್ತ್ರಜ್ಞ ಇವತ್ತು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದದ್ದೂ ಅದನ್ನೇ.

ಸಕ್ಕರೆ ಕದಿಯುವುದು ಒಂದು ನಷ್ಟ. ಅದರ ಜೊತೆಗೆ ಯೀಸ್ಟ್‌ನ ಕೈ ಕಟ್ಟಿಹಾಕುವುದೂ ಇದೆ. ಅಸಿಟಿಕ್ ಆಮ್ಲ ಲೀಟರಿಗೆ ಅರ್ಧದಿಂದ ಒಂದು ಗ್ರಾಂ ತಲುಪಿದರೆ ಯೀಸ್ಟ್‌ನ ಬೆಳವಣಿಗೆ ಕುಂಟತೊಡಗುತ್ತದೆ. ಲ್ಯಾಕ್ಟಿಕ್ ಆಮ್ಲಕ್ಕೆ ಅದೇ ಪರಿಣಾಮ ಬೀರಲು 2ರಿಂದ 8 ಗ್ರಾಂ ಬೇಕು. ಈ ವ್ಯತ್ಯಾಸಕ್ಕೆ ಕಾರಣ ಸರಳ. ಅಯಾನುಗಳಾಗಿ ಒಡೆಯದ ಆಮ್ಲ ಮಾತ್ರ ಯೀಸ್ಟ್ ಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಪಿಎಚ್ 4.5ರಲ್ಲಿ ಅಸಿಟಿಕ್ ಆಮ್ಲದ ಸುಮಾರು ಮೂರನೇ ಎರಡು ಭಾಗ ಒಡೆಯದೇ ಇರುತ್ತದೆ, ಲ್ಯಾಕ್ಟಿಕ್ ಆಮ್ಲದಲ್ಲಿ ಐದನೇ ಒಂದು ಭಾಗವೂ ಇರುವುದಿಲ್ಲ. ಒಳಗೆ ಹೋದ ಆಮ್ಲ ಅಲ್ಲಿನ ತಟಸ್ಥ ಪಿಎಚ್‌ನಲ್ಲಿ ಒಡೆದು ಪ್ರೋಟಾನ್ ಬಿಡುತ್ತದೆ. ಅದನ್ನು ಹೊರಹಾಕಲು ಯೀಸ್ಟ್ ತನ್ನ ಶಕ್ತಿಯನ್ನು ವ್ಯಯಿಸಬೇಕು. ಇಲ್ಲೊಂದು ಎಚ್ಚರಿಕೆ ಬೇಕು. ಸೋಂಕು ತಡೆಯಲೆಂದು ಹುದುಗುವ ಮ್ಯಾಶ್‌ನ (ತೊಟ್ಟಿಗೆ ಕೊಡುವ ಸಕ್ಕರೆ ದ್ರಾವಣ) ಪಿಎಚ್ಚನ್ನು 4ಕ್ಕಿಂತ ಕೆಳಗೆ ತಳ್ಳುವವರಿದ್ದಾರೆ. ಅಸಿಟಿಕ್ ಆಮ್ಲ ಮೊದಲೇ ಏರಿರುವ ವಾಶ್‌ನಲ್ಲಿ ಹೀಗೆ ಮಾಡಿದರೆ ಬ್ಯಾಕ್ಟೀರಿಯಾಕ್ಕಿಂತ ಯೀಸ್ಟ್‌ಗೇ ಹೆಚ್ಚು ಪೆಟ್ಟು ಬೀಳುತ್ತದೆ.

ಈಗ ನಿಮ್ಮ ಪತ್ರದ ಮುಖ್ಯ ಸುಳಿವಿಗೆ ಬರುತ್ತೇನೆ. ನೀವು ಅದನ್ನು ಕೊನೆಯಲ್ಲಿ, ತಳಿಯ ದೋಷವೆಂಬಂತೆ ಬರೆದಿದ್ದೀರಿ: ಯೀಸ್ಟ್ ಗಂಟುಗಟ್ಟುತ್ತಿದೆ. ಕೆಲವು ಯೀಸ್ಟ್ ತಳಿಗಳು ಹುಟ್ಟುಗುಣದಿಂದಲೇ ಗಂಟುಗಟ್ಟುತ್ತವೆ, ನಿಜ. ಆದರೆ ಹಂಗಾಮಿನ ನಡುವೆ, ಆಮ್ಲೀಯತೆಯ ಬೆನ್ನಲ್ಲೇ ಕಾಣಿಸಿಕೊಂಡ ಗಂಟುಗಳಿಗೆ ಮೊದಲು ಶಂಕಿಸಬೇಕಾದದ್ದು ಬ್ಯಾಕ್ಟೀರಿಯಾವನ್ನು. ಹಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಯೀಸ್ಟ್‌ನ ಹೊರಗೋಡೆಯ ಮ್ಯಾನೋಸ್‌ಗೆ ಅಂಟಿಕೊಂಡು ಒಂದು ಕೋಶವನ್ನು ಇನ್ನೊಂದಕ್ಕೆ ಕೂಡಿಸುತ್ತವೆ.

ಇದು ಅಪಾಯಕಾರಿಯಾಗುವುದು ಸೆಂಟ್ರಿಫ್ಯೂಜ್‌ನಲ್ಲಿ. ಯೀಸ್ಟ್ ಕೋಶದ ಅಡ್ಡಳತೆ ಐದು ಮೈಕ್ರಾನ್‌ಗಿಂತ ಹೆಚ್ಚು. ಬ್ಯಾಕ್ಟೀರಿಯಾ ಕಡ್ಡಿಯ ದಪ್ಪ ಒಂದು ಮೈಕ್ರಾನ್ ಆಸುಪಾಸು. ಕಣ ತಳಕ್ಕೆ ಸರಿಯುವ ವೇಗ ಅದರ ಅಡ್ಡಳತೆಯ ವರ್ಗದಷ್ಟು ಹೆಚ್ಚುವುದರಿಂದ ಯೀಸ್ಟ್ ಸುಮಾರು ಇಪ್ಪತ್ತೈದು ಪಟ್ಟು ಬೇಗ ಬೇರ್ಪಡುತ್ತದೆ. ಹಾಗಾಗಿ ಎಲ್ಲ ಸರಿಯಿದ್ದಾಗ ಸೆಂಟ್ರಿಫ್ಯೂಜ್ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಯೀಸ್ಟ್ ಕ್ರೀಮಿಗೆ, ಅಂದರೆ ಬೇರ್ಪಟ್ಟ ದಪ್ಪ ದ್ರವಕ್ಕೆ, ಹೋಗುತ್ತದೆ, ಬ್ಯಾಕ್ಟೀರಿಯಾದ ದೊಡ್ಡ ಪಾಲು ತಿಳಿ ವಾಶ್‌ನ ಜೊತೆ ಬಟ್ಟಿ ಇಳಿಸುವ ಗೋಪುರಕ್ಕೆ ಹೋಗಿ ಅಲ್ಲಿ ಸಾಯುತ್ತದೆ. ಅವು ಯೀಸ್ಟ್‌ಗೆ ಅಂಟಿಕೊಂಡ ಕ್ಷಣದಿಂದ ಇದೇ ಯಂತ್ರ ತಿರುಗಿ ಬೀಳುತ್ತದೆ. ಪ್ರತಿ ಸುತ್ತಿನಲ್ಲೂ ಅವನ್ನು ಜೋಪಾನವಾಗಿ ಆರಿಸಿ, ಕ್ರೀಮಿನಲ್ಲಿ ತುಂಬಿ ನಿಮಗೇ ಹಿಂದಿರುಗಿಸುತ್ತದೆ. ಸುತ್ತು ಕಳೆದಂತೆ ಅಂಟಿಕೊಳ್ಳುವ ಜಾತಿಗಳಷ್ಟೇ ಉಳಿದು, ಅಂಟದವು ಕಳೆದುಹೋಗುತ್ತವೆ. ನಿಮಗೆ ತಿಳಿಯದಂತೆ ನೀವೇ ತಳಿ ಅಭಿವೃದ್ಧಿ ನಡೆಸುತ್ತಿದ್ದೀರಿ, ತಪ್ಪು ಜೀವಿಯ ಮೇಲೆ.

ಆಮ್ಲದ ತೊಳೆತವೂ ಇಲ್ಲೇ ಎಡವುವುದು. ಈ ಕ್ರಮ 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಮೆಲ್-ಬ್ವಾನೊ ವಿಧಾನದಿಂದ ಬಂದದ್ದು. ಬ್ರೆಜಿಲಿನ ಕಬ್ಬಿನ ಎಥನಾಲ್ ಉದ್ಯಮ ಅದನ್ನು ತನ್ನ ಬೆನ್ನೆಲುಬಾಗಿಸಿಕೊಂಡಿತು. ಕ್ರೀಮನ್ನು ನೀರಿನಿಂದ ತೆಳುವಾಗಿಸಿ, ಪಿಎಚ್ 2ರಿಂದ 2.5ರಲ್ಲಿ ಒಂದರಿಂದ ಮೂರು ಗಂಟೆ ಕಲಕುತ್ತಾ ಇಡುತ್ತಾರೆ. ಬಿಡಿಬಿಡಿಯಾಗಿ ಈಜುವ ಬ್ಯಾಕ್ಟೀರಿಯಾಕ್ಕೆ ಇದು ಮಾರಕ. ಗಂಟಿನ ಒಳಗಿರುವವಕ್ಕೆ ಅಷ್ಟಲ್ಲ.

ಹಾಗಾಗಿ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಿ. ಕ್ರೀಮಿಗೆ ಎಷ್ಟು ನೀರು ಬೆರೆಸುತ್ತಿದ್ದೀರಿ? ಕಾಕಂಬಿಯ ವಾಶ್‌ನಲ್ಲಿ ಲವಣಗಳು ಹೆಚ್ಚು, ಅವು ಪಿಎಚ್ ಬದಲಾವಣೆಯನ್ನು ತಡೆಹಿಡಿಯುತ್ತವೆ. ದಪ್ಪ ಕ್ರೀಮಿಗೆ ಆಮ್ಲ ಸುರಿದರೆ ಮೊದಲು 2.5 ತೋರಿಸಿ ಅರ್ಧ ಗಂಟೆಯಲ್ಲಿ ಪಿಎಚ್ ಮೇಲೇರುವುದುಂಟು. ಆರಂಭದ ಓದನ್ನಷ್ಟೇ ಪುಸ್ತಕದಲ್ಲಿ ಬರೆದರೆ ತೊಳೆತ ಆಗಿದೆಯೆಂಬ ಭ್ರಮೆ ಉಳಿಯುತ್ತದೆ. ತೊಳೆತದ ಕೊನೆಯಲ್ಲೂ ಓದಿ. ಎರಡನೆಯದಾಗಿ, ಆ ಪಿಎಚ್ ಮಾಪಕದ ಎಲೆಕ್ಟ್ರೋಡನ್ನು ಕೊನೆಯ ಬಾರಿ ಶುಚಿ ಮಾಡಿ ಬಫರ್ ದ್ರಾವಣದಲ್ಲಿ ಪರೀಕ್ಷಿಸಿದ್ದು ಯಾವಾಗ? ಯೀಸ್ಟ್ ಕ್ರೀಮಿನಲ್ಲಿ ಮುಳುಗಿರುವ ಎಲೆಕ್ಟ್ರೋಡ್ ಬಹಳ ಬೇಗ ಲೇಪ ಹಿಡಿದು ಸುಳ್ಳು ಹೇಳತೊಡಗುತ್ತದೆ. ಮೂರನೆಯದು ಕಲಕುವಿಕೆ. ತೊಟ್ಟಿಯ ಮೇಲಿನಿಂದಲೂ ತಳದಿಂದಲೂ ಮಾದರಿ ತೆಗೆದು ಪಿಎಚ್ ಹೋಲಿಸಿದರೆ ಗೊತ್ತಾಗುತ್ತದೆ.

ಪಿಎಚ್ಚನ್ನು 2ಕ್ಕಿಂತ ಕೆಳಗೆ ಒಯ್ಯುವುದು, ಆರೇಳು ಗಂಟೆ ನೆನೆಹಾಕುವುದು ಪರಿಹಾರವಲ್ಲ. ಯೀಸ್ಟ್ ಕೋಶದ ಒಳಗಿನ ಸತ್ವವೆಲ್ಲ ಸೋರಿಹೋಗಿ, ಸತ್ತ ಕೋಶಗಳು ಕರಗಿ ಅಮೈನೋ ಆಮ್ಲ, ವಿಟಮಿನ್‌ಗಳನ್ನು ಹೊರಗೆ ಚೆಲ್ಲುತ್ತವೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಇವುಗಳಲ್ಲಿ ಹಲವನ್ನು ತಾವಾಗಿ ತಯಾರಿಸಿಕೊಳ್ಳಲಾರವು. ಯೀಸ್ಟನ್ನು ಕೊಲ್ಲುವುದೆಂದರೆ ಅವಕ್ಕೆ ಊಟ ಬಡಿಸಿದಂತೆ. ತೊಳೆತಕ್ಕೆ ಮೊದಲು ಮತ್ತು ನಂತರ ಮೆಥಿಲೀನ್ ಬ್ಲೂ ಹಾಕಿ ಜೀವಂತ ಯೀಸ್ಟ್ ಶೇಕಡಾವಾರು ಎಣಿಸಿ. ನೀಲಿಯಾದವು ಸತ್ತವು. ತೊಳೆತದಿಂದ ಸತ್ತವುಗಳ ಸಂಖ್ಯೆ ಏರುತ್ತಿದ್ದರೆ ನಿಮ್ಮ ತೊಳೆತ ಬ್ಯಾಕ್ಟೀರಿಯಾದ ಕೆಲಸವನ್ನೇ ಮಾಡಿಕೊಡುತ್ತಿದೆ.

ಆಂಟಿಬಯಾಟಿಕ್ ಏಕೆ ಕೆಲವೇ ದಿನ ಕೆಲಸ ಮಾಡಿತು? ಒಂದು ಕಾರಣ ಎಲ್ಲರಿಗೂ ಗೊತ್ತು: ನಿರೋಧಕ ಶಕ್ತಿ. ಯೀಸ್ಟ್ ಮರುಬಳಕೆಯ ಘಟಕದಲ್ಲಿ ಬದುಕುಳಿದ ಬ್ಯಾಕ್ಟೀರಿಯಾ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಸುತ್ತಿಗೆ ಅದೇ ಬೀಜವಾಗುತ್ತದೆ. ಪ್ರತಿದಿನ ಸ್ವಲ್ಪ ಸ್ವಲ್ಪ ಹಾಕುವ ಪದ್ಧತಿಯಂತೂ ನಿರೋಧಕ ತಳಿಗಳನ್ನು ಬೆಳೆಸಲು ಕಂಡುಹಿಡಿದಂತಿದೆ. ಎರಡನೇ ಕಾರಣದ ಬಗ್ಗೆ ಕಡಿಮೆ ಮಾತಾಡುತ್ತಾರೆ: ಔಷಧ ಬ್ಯಾಕ್ಟೀರಿಯಾ ಇರುವ ಜಾಗವನ್ನು ತಲುಪುವುದೇ ಇಲ್ಲ. ಕೊಳವೆಯ ಒಳಮೈಗೆ ಹತ್ತಿದ ಲೋಳೆಪದರದಲ್ಲಿ ಕುಳಿತವುಗಳಿಗೆ ತೊಟ್ಟಿಯಲ್ಲಿ ಕಲಕಿದ ಮೊನೆನ್ಸಿನ್ ಅಥವಾ ವರ್ಜಿನಿಯಾಮೈಸಿನ್‌ನಿಂದ ಏನೂ ಆಗದು. ತೊಟ್ಟಿಯಲ್ಲಿ ಈಜುತ್ತಿರುವವು ಸಾಯುತ್ತವೆ, ಆಮ್ಲ ಇಳಿಯುತ್ತದೆ, ಎಲ್ಲರೂ ನೆಮ್ಮದಿಯಾಗುತ್ತಾರೆ. ಅಷ್ಟರಲ್ಲಿ ಕೊಳವೆಯಿಂದ ಹೊಸ ಸರಕು ಬರುತ್ತಲೇ ಇರುತ್ತದೆ. ನಿಮ್ಮ ಅನುಭವದ ಸ್ವರೂಪ ನನಗೆ ಈ ಎರಡನೆಯದನ್ನೇ ಹೆಚ್ಚು ಹೇಳುತ್ತಿದೆ. ಪೆನಿಸಿಲಿನ್ ಬಳಸುವವರಿಗೆ ಇನ್ನೊಂದು ಮಾತು: ಅದನ್ನು ಆಮ್ಲದ ತೊಟ್ಟಿಗೆ ಹಾಕಬೇಡಿ, ಆ ಪಿಎಚ್‌ನಲ್ಲಿ ಪೆನಿಸಿಲಿನ್ ಜಿ ಬೇಗನೆ ನಾಶವಾಗುತ್ತದೆ.

ಮರುಸೋಂಕು ಎಷ್ಟು ಬೇಗ ಹಳೆಯ ಮಟ್ಟಕ್ಕೆ ಏರುತ್ತದೆ ಎಂಬುದರ ಅಂದಾಜು ಇರಲಿ. ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದಾಗ ಇಳುವರಿಯಲ್ಲಿ ಏನೂ ಕಾಣದು. ಕೋಟಿ ದಾಟಿದಾಗ ನಷ್ಟ ಅಳತೆಗೆ ಸಿಗುತ್ತದೆ. ಹತ್ತು ಕೋಟಿಯಲ್ಲಿ ಅದು ಯೀಸ್ಟ್‌ನ ಎಣಿಕೆಗೆ ಸರಿಸಮವಾಗಿ ನಿಂತಿರುತ್ತದೆ. ಒಂದು ಲಕ್ಷದಿಂದ ಹತ್ತು ಕೋಟಿಗೆ ಹೋಗಲು ಬೇಕಾದದ್ದು ಹತ್ತು ದ್ವಿಗುಣಗಳು ಮಾತ್ರ. ಅನುಕೂಲ ಸಿಕ್ಕರೆ ಇವು ಒಂದೆರಡು ಗಂಟೆಗೊಮ್ಮೆ ದ್ವಿಗುಣಗೊಳ್ಳುತ್ತವೆ. ನೂರಕ್ಕೆ ತೊಂಬತ್ತೊಂಬತ್ತನ್ನು ಕೊಂದ ಔಷಧವೂ ನಿಮಗೆ ಗಳಿಸಿಕೊಡುವುದು ಏಳು ದ್ವಿಗುಣಗಳಿಗಿಂತ ಕಡಿಮೆ ಸಮಯವನ್ನು. ತೊಟ್ಟಿಯನ್ನು ಪೂರ್ತಿ ನಿರ್ಜೀವಗೊಳಿಸುವುದು ಈ ಉದ್ಯಮದಲ್ಲಿ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಬೀಜದ ಪ್ರಮಾಣ ಕಡಿಮೆಯಿರಬೇಕು, ಹುದುಗುವಿಕೆ ಬೇಗ ಮುಗಿಯಬೇಕು. ತೊಟ್ಟಿಯ ಉಷ್ಣತೆ 36 ಡಿಗ್ರಿ ದಾಟಲು ಬಿಟ್ಟರೆ ಯೀಸ್ಟ್ ದಣಿಯುತ್ತದೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಚುರುಕಾಗುತ್ತದೆ. 32ರಿಂದ 34ರಲ್ಲಿ ಹಿಡಿದಿಡಲಾಗುತ್ತಿಲ್ಲವೆಂದರೆ ತಂಪು ನೀರಿನ ವ್ಯವಸ್ಥೆಯನ್ನೂ ಈ ತನಿಖೆಗೆ ಸೇರಿಸಿಕೊಳ್ಳಿ.

ಇನ್ನು ಬೀಜ ಬರುವ ಜಾಗ ಹುಡುಕುವ ಕೆಲಸ. ಇದಕ್ಕೆ ದುಬಾರಿ ಉಪಕರಣ ಬೇಡ. ಮ್ಯಾಶ್ ಹಾದುಹೋಗುವ ದಾರಿಯಲ್ಲಿ ಸರದಿಯಂತೆ ಮಾದರಿ ತೆಗೆಯಿರಿ: ಕಾಕಂಬಿಗೆ ಬೆರೆಸುವ ನೀರು, ಬೆರೆಸಿದ ಕಾಕಂಬಿ, ಕಾಯಿಸಿ ತಿಳಿಗೊಳಿಸಿದ ರಸ, ಕೂಲರ್‌ಗೆ ಹೋಗುವ ಮುನ್ನ, ಕೂಲರ್ ದಾಟಿದ ಮೇಲೆ, ತೊಟ್ಟಿಗೆ ಬೀಳುವ ಕೊಳವೆಯ ಬಾಯಲ್ಲಿ. ಕುದಿನೀರಿನಲ್ಲಿ ತೊಳೆದ ಬಾಟಲಿಗಳಿರಲಿ. ಮಾದರಿ ಕವಾಟವನ್ನು ತೆರೆದ ಕೂಡಲೇ ಬಂದದ್ದನ್ನು ಹಿಡಿಯಬೇಡಿ. ಕವಾಟದ ಮೂತಿಯಲ್ಲೇ ಒಂದು ಸಂಸಾರ ಇರುತ್ತದೆ. ಒಂದಷ್ಟು ಹರಿಯಬಿಟ್ಟು ನಂತರ ಹಿಡಿಯಿರಿ. ಯೀಸ್ಟ್ ಹಾಕದೆ ಇವನ್ನೆಲ್ಲ 35 ಡಿಗ್ರಿಯಲ್ಲಿ ಇಡಿ. ಆರಂಭದಲ್ಲಿ, ಆರು ಗಂಟೆಗೆ, ಹನ್ನೆರಡು ಗಂಟೆಗೆ ಪಿಎಚ್ ಮತ್ತು ಆಮ್ಲೀಯತೆ ಅಳೆಯಿರಿ. ನೀರಿನ ಮಾದರಿಗೆ ಮಾತ್ರ ಕುದಿಸಿ ಆರಿಸಿದ ಸಕ್ಕರೆಯ ಮ್ಯಾಶ್ ಬೆರೆಸಬೇಕಾಗುತ್ತದೆ, ಬರಿ ನೀರಿನಲ್ಲಿ ಆಮ್ಲ ಹುಟ್ಟುವುದಿಲ್ಲ. ಎಲ್ಲಿಂದ ಮುಂದಿನ ಮಾದರಿ ಒಮ್ಮೆಲೇ ಬೇಗ ಹುಳಿಯಾಗತೊಡಗುತ್ತದೋ ಅದರ ಹಿಂದಿನ ಉಪಕರಣದಲ್ಲಿ ಬೀಜವಿದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಸುವ ಎಂಆರ್‌ಎಸ್ ಅಗಾರ್ ತಟ್ಟೆಯಲ್ಲಿ ಯೀಸ್ಟ್ ಬೆಳೆಯದಂತೆ ಸೈಕ್ಲೋಹೆಕ್ಸಿಮೈಡ್ ಸೇರಿಸಿ ಎಣಿಸುವುದು ಇದಕ್ಕಿಂತ ನಿಖರವಾದ ವಿಧಾನ. ಆದರೆ ಫಲಿತಾಂಶ ಬರಲು ಎರಡು ದಿನ ಬೇಕು. ಸೂಕ್ಷ್ಮದರ್ಶಕ ಕ್ಷಣದಲ್ಲಿ ಹೇಳುತ್ತದೆ, ಆದರೆ ಮಿಲಿಲೀಟರಿಗೆ ಹತ್ತು ಲಕ್ಷಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಕಾಣುವುದು ಕಷ್ಟ. ಮೂರನ್ನೂ ಜೊತೆಗಿಟ್ಟುಕೊಳ್ಳಿ, ಒಂದನ್ನೇ ನೆಚ್ಚಬೇಡಿ.

ಕೂಲರ್ ಮೇಲೆ ನನಗೇಕೆ ಅನುಮಾನ? ಪ್ಲೇಟ್ ಕೂಲರ್‌ನಲ್ಲಿ ಬಿಸಿ ರಸ ತಣ್ಣಗಾಗುತ್ತಾ ಹೋಗುವಾಗ ಎಲ್ಲೋ ಒಂದು ಕಡೆ 45ರಿಂದ 35 ಡಿಗ್ರಿಯ ಪಟ್ಟಿ ಇದ್ದೇ ಇರುತ್ತದೆ. ಸಕ್ಕರೆ ಬೇಕಾದಷ್ಟು, ಮದ್ಯಸಾರ ಒಂದಿಷ್ಟೂ ಇಲ್ಲ, ಯೀಸ್ಟ್‌ನ ಪೈಪೋಟಿಯೂ ಇಲ್ಲ, ಜೊತೆಗೆ ಕಿರಿದಾದ ಸಂದುಗಳು. ಗ್ಯಾಸ್ಕೆಟ್ ಹಳತಾಗಿದ್ದರೆ ತಂಪು ನೀರಿನ ಕಡೆಯಿಂದ ಮ್ಯಾಶ್‌ನ ಕಡೆಗೆ ಸೋರಿಕೆಯೂ ಇರಬಹುದು. ಕೂಲಿಂಗ್ ಟವರಿನ ನೀರು ಶುದ್ಧ ನೀರಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸೋರಿಕೆ ಪರೀಕ್ಷೆಗೆ ಒಂದು ಕಡೆ ಖಾಲಿ ಮಾಡಿ ಇನ್ನೊಂದು ಕಡೆ ಒತ್ತಡ ಕೊಟ್ಟು ಹನಿ ಬೀಳುತ್ತದೆಯೇ ನೋಡಿ.

ತಟ್ಟೆಗಳನ್ನು ಬಿಚ್ಚಿದಾಗ ಬೆರಳಿಗೆ ಜಾರುವ ಲೋಳೆ ಕಂಡರೆ ಉತ್ತರ ಸಿಕ್ಕಿತು. ಗಟ್ಟಿ ಬೂದುಬಣ್ಣದ ಪದರ ಕಂಡರೆ ಕೆಲಸ ಇನ್ನೂ ಇದೆ. ಕಾಕಂಬಿಯಲ್ಲಿ ಕ್ಯಾಲ್ಸಿಯಂ ಹೇರಳ. ನೀವು ಪಿಎಚ್ ಇಳಿಸಲು ಗಂಧಕಾಮ್ಲ ಹಾಕುತ್ತೀರಿ. ಎರಡೂ ಸೇರಿ ಜಿಪ್ಸಂ ಕಟ್ಟುತ್ತದೆ. ಬಿಸಿ ಕಾಸ್ಟಿಕ್ ಸೋಡಾ ಲೋಳೆಯನ್ನು ಕೀಳುತ್ತದೆ, ಜಿಪ್ಸಂ ಪದರವನ್ನು ಕೀಳುವುದಿಲ್ಲ. ಆ ಪದರದ ರಂಧ್ರಗಳೊಳಗಿನ ಬ್ಯಾಕ್ಟೀರಿಯಾ ಕಾಸ್ಟಿಕ್ ತೊಳೆತವನ್ನು ದಾಟಿ ಉಳಿದು, ಮ್ಯಾಶ್ ಹರಿಯತೊಡಗಿದ ಕೆಲವೇ ಗಂಟೆಗಳಲ್ಲಿ ಹಳೆಯ ಸಂಸಾರ ಹೂಡುತ್ತದೆ. ‘ದಿನವೂ ತೊಳೆಯುತ್ತಿದ್ದೇವೆ, ಆದರೂ ಸೋಂಕು’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಇಡಿಟಿಎ ಮಾದರಿಯ ಕ್ಯಾಲ್ಸಿಯಂ ಹಿಡಿಯುವ ರಾಸಾಯನಿಕದಿಂದ ಅಥವಾ ತಟ್ಟೆಗಳನ್ನು ಬಿಚ್ಚಿ ಉಜ್ಜಿ ಮೊದಲು ಪದರ ತೆಗೆಯಿರಿ. ಆಮೇಲೆ ಶೇ. 2ರಿಂದ 4ರ ಕಾಸ್ಟಿಕ್ಕನ್ನು 75 ಡಿಗ್ರಿಗಿಂತ ಮೇಲೆ ಹರಿಸಿ. ತೊಳೆಯುವಾಗಿನ ಹರಿವು ಮ್ಯಾಶ್‌ನ ಹರಿವಿಗಿಂತ ಕಡಿಮೆಯಿರಬಾರದು. ಮೆಲ್ಲಗೆ ಹರಿದ ಕಾಸ್ಟಿಕ್ ತಟ್ಟೆಗಳ ಮೂಲೆಗಳನ್ನು ಮುಟ್ಟುವುದೇ ಇಲ್ಲ.

ಕೂಲರ್ ಶುಭ್ರವಾಗಿದ್ದರೆ ಮುಂದೆ ನೋಡಬೇಕಾದದ್ದು ಹರಿವಿಲ್ಲದ ಕೊಳವೆ ತುಂಡುಗಳು, ಬೈಪಾಸ್ ಸಾಲುಗಳು, ಪಂಪಿನ ಪಕ್ಕದ ಮುಚ್ಚಿದ ಕವಾಟಗಳು. ಹಿಂದೆಂದೋ ಮಾರ್ಪಾಡು ಮಾಡಿ, ಬೇಡವಾದ ಮೇಲೆ ಕವಾಟ ಮುಚ್ಚಿ ಬಿಟ್ಟ ಕೊಳವೆಗಳು ಪ್ರತಿ ಘಟಕದಲ್ಲೂ ಇರುತ್ತವೆ. ನಕ್ಷೆ ನೋಡಬೇಡಿ, ನಕ್ಷೆಯಲ್ಲಿ ಅವು ಇರುವುದಿಲ್ಲ. ಕೊಳವೆ ಹಿಡಿದು ನಡೆಯಿರಿ.

ಕಾಕಂಬಿ ಮತ್ತು ರಸದ ವಿಷಯದಲ್ಲಿ ಒಂದು ವ್ಯತ್ಯಾಸ ಗಮನದಲ್ಲಿರಲಿ. ಕಾಕಂಬಿ ಸಕ್ಕರೆ ಕಾಯಿಸುವ ಹಂತಗಳನ್ನು ದಾಟಿ ಬಂದದ್ದು, ಸಕ್ಕರೆಯ ಸಾಂದ್ರತೆಯೂ ಅದರಲ್ಲಿ ವಿಪರೀತ. ಅದರಲ್ಲಿ ಬದುಕಿರುವುದು ಹೆಚ್ಚಾಗಿ ಬೀಜಾಣುಗಳು, ಅವು ನಿಮ್ಮ ತೊಟ್ಟಿಯಲ್ಲಿ ದೊಡ್ಡ ತೊಂದರೆ ಕೊಡುವುದು ವಿರಳ. ಆದರೆ ನೀರು ಬೆರೆಸಿದ ಕ್ಷಣದಿಂದ ಅದು ಉತ್ತಮ ಆಹಾರ. ಬೆರೆಸಿದ ಕಾಕಂಬಿಯನ್ನು ದಾಸ್ತಾನು ಇಡಬೇಡಿ, ಬೇಕಾದಾಗ ಬೆರೆಸಿ. ಕಬ್ಬಿನ ರಸದ ಸಂಗತಿ ಬೇರೆ. ಕಡಿದು ದಿನಗಟ್ಟಲೆ ಬಿದ್ದ ಕಬ್ಬಿನಿಂದ, ಅದರಲ್ಲೂ ಸುಟ್ಟ ಕಬ್ಬಿನಿಂದ, ಬ್ಯಾಕ್ಟೀರಿಯಾವೂ ಡೆಕ್ಸ್‌ಟ್ರಾನ್ ಲೋಳೆಯೂ ಹೇರಳವಾಗಿ ಬರುತ್ತವೆ. 105 ಡಿಗ್ರಿಗೆ ಕಾಯಿಸಿ ತಿಳಿಗೊಳಿಸಿದರೆ ಬ್ಯಾಕ್ಟೀರಿಯಾದ ಬಹುಪಾಲು ಸಾಯುತ್ತದೆ, ಲೋಳೆ ಉಳಿಯುತ್ತದೆ. ಕಾಯಿಸಿದ ರಸವನ್ನು ಉಗುರುಬೆಚ್ಚಗೆ ನಿಲ್ಲಿಸುವುದು ಮಾತ್ರ ಎಂದಿಗೂ ಬೇಡ. ಒಂದೋ ಬಿಸಿಯಾಗಿರಲಿ, ಇಲ್ಲವೇ ತಣ್ಣಗೆ ಮಾಡಿ ತಕ್ಷಣ ಯೀಸ್ಟ್‌ಗೆ ಕೊಡಿ. ಬೆರೆಸುವ ನೀರಿಗೆ ಕ್ಲೋರಿನ್ ಡೈಆಕ್ಸೈಡ್ ಒಳ್ಳೆಯದು. ಅದನ್ನೇ ಕಪ್ಪು ಮ್ಯಾಶ್‌ಗೆ ಸುರಿದರೆ ಬ್ಯಾಕ್ಟೀರಿಯಾ ಸಿಗುವ ಮೊದಲೇ ಕಾಕಂಬಿಯ ಬಣ್ಣದ ವಸ್ತುಗಳು ಅದನ್ನು ತಿಂದು ಮುಗಿಸುತ್ತವೆ.

ಯೀಸ್ಟ್ ತಳಿಯ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಬ್ರೆಜಿಲಿನಲ್ಲಿ ಹಂಗಾಮಿನ ಆರಂಭದಲ್ಲಿ ಹಾಕಿದ ಬ್ರೆಡ್ ಯೀಸ್ಟನ್ನು ಕಾಡು ತಳಿಗಳು ಕೆಲವೇ ವಾರಗಳಲ್ಲಿ ಹಿಂದೆ ಹಾಕಿದ್ದವು. ಹಾಗೆ ಗೆದ್ದು ಉಳಿದವುಗಳನ್ನೇ 1990ರ ದಶಕದಲ್ಲಿ ಆರಿಸಿ ಬಳಕೆಗೆ ತಂದರು. ಪಿಇ-2, ಸಿಎಟಿ-1 ಎಂಬ ತಳಿಗಳು ಬಂದದ್ದು ಹೀಗೆ. ಆಮ್ಲದ ತೊಳೆತ, ಮರುಬಳಕೆ, ಬಿಸಿ ಇವನ್ನು ತಾಳಿಕೊಳ್ಳುವ, ಗಂಟುಗಟ್ಟದ ತಳಿ ನಿಮ್ಮಲ್ಲಿಲ್ಲದಿದ್ದರೆ ಮುಂದಿನ ಹಂಗಾಮಿಗೆ ಯೋಚಿಸಿ. ಈಗ ಬದಲಿಸಿದರೆ ಹೊಸ ತಳಿಯೂ ಅದೇ ಕೂಲರ್‌ನ ಅಡಿಗೆ ಬಂದು ನಿಲ್ಲುತ್ತದೆ. ಎಲ್ಲ ಬ್ಯಾಕ್ಟೀರಿಯಾವೂ ಒಂದೇ ರೀತಿ ಕೆಟ್ಟದ್ದು ಮಾಡುತ್ತದೆ ಎನ್ನುವಂತೆಯೂ ಇಲ್ಲ. 2021ರಲ್ಲಿ ಪ್ರಕಟವಾದ ಬ್ರೆಜಿಲಿನ ಘಟಕಗಳ ಅಧ್ಯಯನವೊಂದರಲ್ಲಿ ಫರ್ಮೆಂಟಮ್ ಜಾತಿ ಇಳುವರಿ ಇಳಿಸಿದರೆ, ಅಮೈಲೋವೋರಸ್ ಎಂಬ ಇನ್ನೊಂದು ಲ್ಯಾಕ್ಟೋಬ್ಯಾಸಿಲಸ್ ಜಾತಿ ಅಸಿಟಾಲ್ಡಿಹೈಡ್ ಒದಗಿಸಿ ಯೀಸ್ಟ್‌ಗೆ ನೆರವಾದದ್ದು ಕಂಡುಬಂತು. ಇದನ್ನು ಓದಿ ಬ್ಯಾಕ್ಟೀರಿಯಾ ಸಾಕಲು ಹೊರಡಬೇಡಿ. ಎಣಿಕೆ ಹೆಚ್ಚಿದ್ದೂ ಇಳುವರಿ ಇಳಿಯದ ದಿನಗಳು ನಿಮ್ಮ ದಾಖಲೆಯಲ್ಲಿದ್ದರೆ ಅದಕ್ಕೊಂದು ವಿವರಣೆ ಇಲ್ಲಿ ಸಿಗಬಹುದು, ಅಷ್ಟೆ.

ಚೆಲ್ಲುವ ವಿಚಾರ ಕೊನೆಗೆ. ದಾರಿ ಶುಚಿಯಾಗುವ ಮೊದಲು ಚೆಲ್ಲಿದರೆ ಒಳ್ಳೆಯ ಯೀಸ್ಟ್ ಹೋಗುತ್ತದೆ, ಬ್ಯಾಕ್ಟೀರಿಯಾ ಉಳಿಯುತ್ತದೆ. ಮೊದಲು ಕೂಲರ್, ಕೊಳವೆ, ಆಮೇಲೆ ಖಾಲಿಯಾದ ಹಾಗೆ ಒಂದೊಂದೇ ತೊಟ್ಟಿ. ತಳದಲ್ಲಿ ಕುಳಿತ ಗಂಟುಗಳನ್ನು ಮುಂದಿನ ಸುತ್ತಿಗೆ ಒಯ್ಯದೆ ಹೊರಹಾಕಿ. ಬೀಜದ ಹೆಚ್ಚಿನ ಪಾಲು ಅಲ್ಲೇ ಇರುತ್ತದೆ. ಶುಚಿಯಾದ ತೊಟ್ಟಿಗೆ ಪ್ರತ್ಯೇಕವಾಗಿ ಬೆಳೆಸಿದ ಹೊಸ ಯೀಸ್ಟ್ ಕೊಡಿ. ಹಳೆಯ ಕ್ರೀಮನ್ನು ಅದಕ್ಕೆ ಬೆರೆಸಬೇಡಿ, ಹಳೆಯ ಸಾಲಿನಲ್ಲೇ ತಿರುಗಿಸಿ ಕ್ರಮೇಣ ಕಡಿಮೆ ಮಾಡುತ್ತಾ ಬನ್ನಿ. ಈ ಬದಲಾವಣೆಯ ವೇಳೆಯಲ್ಲಿ ಒಂದೇ ಒಂದು ಸಲ, ಪೂರ್ಣ ಪ್ರಮಾಣದಲ್ಲಿ, ಹಿಂದೆ ಬಳಸದ ಆಂಟಿಬಯಾಟಿಕ್ ಹಾಕಲು ನನ್ನ ಅಡ್ಡಿಯಿಲ್ಲ. ಸಾಧ್ಯವಿದ್ದರೆ ನಿಮ್ಮ ತೊಟ್ಟಿಯಿಂದಲೇ ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಆರಿಸಿ. ಹಾಪ್ಸ್ ಹೂವಿನ ಆಮ್ಲಗಳೂ ಇವೆ. ಪಿಎಚ್ ಕಡಿಮೆಯಿದ್ದಷ್ಟೂ ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಹಾಗಾಗಿ ಯೀಸ್ಟ್ ಮರುಬಳಕೆಯ ಘಟಕಕ್ಕೆ ಒಪ್ಪುತ್ತವೆ.

ಹೊರಹಾಕಿದ ಯೀಸ್ಟನ್ನು ಒಣಗಿಸಿ ಪಶು ಆಹಾರಕ್ಕೆ ಮಾರುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ಅದರಲ್ಲಿ ಯಾವ ಆಂಟಿಬಯಾಟಿಕ್ ಎಷ್ಟು ಬಳಸಿದ್ದೀರಿ ಎಂಬುದನ್ನು ಕೊಳ್ಳುವವರಿಗೆ ಬರಹದಲ್ಲಿ ತಿಳಿಸಿ. ಮೊನೆನ್ಸಿನ್ ಹಾಕಿದ ಯೀಸ್ಟ್ ಕುದುರೆಗಳ ಮೇವಿಗಂತೂ ಸೇರಲೇಬಾರದು. ದನಕ್ಕೆ ತೊಂದರೆ ಕೊಡದ ಪ್ರಮಾಣವೂ ಕುದುರೆಯ ಪ್ರಾಣ ತೆಗೆಯುತ್ತದೆ.